ಸಿಗ್ನಲ್‌ನಲ್ಲಿ ಬಂದ್ ಬೀಳುವ ಕಾರು: ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ಮೇ ತಿಂಗಳ ಮಧ್ಯಾಹ್ನ, ಕಲಬುರಗಿಯ ಜಗತ್ ವೃತ್ತ. ಸಿಗ್ನಲ್ ಕೆಂಪಾಯಿತೆಂದು ಕ್ಲಚ್ ಒತ್ತಿ ನಿಂತೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು 800ರಿಂದ 600ಕ್ಕೆ ಇಳಿಯಿತು, ಒಮ್ಮೆ ಏರಿತು, ಮತ್ತೆ 400ಕ್ಕೆ ಕುಸಿಯಿತು. ಸ್ಟೇರಿಂಗ್ ಮೇಲಿನ ಕೈ ಒಮ್ಮೆ ಅದುರಿತು, ಎಂಜಿನ್ ಬಂದ್ ಬಿತ್ತು. ಹಿಂದಿದ್ದ ಆಟೊದ ಹಾರನ್ ಮಾತ್ರ ಬಂದ್ ಬೀಳಲಿಲ್ಲ.

ಮುಂದಿನ ಒಂದೂವರೆ ತಿಂಗಳಲ್ಲಿ ಹನ್ನೊಂದು ವರ್ಷ ಹಳೆಯ ಆ ಪೆಟ್ರೋಲ್ ಕಾರಿಗೆ ಹೊಸ ಪ್ಲಗ್‌ಗಳು, ಹೊಸ ಪೆಟ್ರೋಲ್ ಪಂಪ್, ಹೊಸದೊಂದು ಸೆನ್ಸರ್ ಹಾಕಿಸಿದೆ. ಪ್ರತಿ ಗ್ಯಾರೇಜಿನಲ್ಲೂ "ಇದೇ ಇರಬೇಕು" ಎಂದರು. ಕೊನೆಗೆ ರಿಂಗ್ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದ ವಯಸ್ಸಾದ ಮಿಸ್ತ್ರಿಯೊಬ್ಬರು ಬಾನೆಟ್ ಮುಟ್ಟುವ ಮೊದಲೇ ಕೇಳಿದರು: "ಯಾವಾಗ ಬಂದ್ ಬೀಳುತ್ತದೆ ಹೇಳಿ ಸರ್. ಬೆಳಿಗ್ಗೆಯೋ, ಕಾದ ಮೇಲೋ? ಎಸಿ ಹಾಕಿದಾಗಲೋ? ಪೆಟ್ರೋಲ್ ತುಂಬಿಸಿದ ಮೇಲೋ?" ನನ್ನಲ್ಲಿ ಒಂದಕ್ಕೂ ಸರಿಯಾದ ಉತ್ತರವಿರಲಿಲ್ಲ. ಒಂದು ವಾರ ಬರೆದಿಟ್ಟುಕೊಂಡು ಬನ್ನಿ ಎಂದು ವಾಪಸ್ ಕಳಿಸಿದರು. ಬರೆದುಕೊಂಡು ಹೋದ ದಿನ ಇಪ್ಪತ್ತು ನಿಮಿಷದಲ್ಲಿ ದೋಷ ಸಿಕ್ಕಿತು. ಏನೆಂದು ಅದರ ಜಾಗದಲ್ಲಿ ಹೇಳುತ್ತೇನೆ.

ಈ ಬರಹವನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ. ನಿಮ್ಮ ಕಾರು ಯಾವಾಗ ತಂಟೆ ಮಾಡುತ್ತದೆಯೋ ಆ ಭಾಗವನ್ನು ಮೊದಲು ಓದಿ. ಇಲ್ಲಿರುವುದೆಲ್ಲ ಇಂಜೆಕ್ಷನ್ ಇರುವ, ಅಂದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನು ಅಳೆದು ಚಿಮ್ಮಿಸುವ, ಪೆಟ್ರೋಲ್ ಕಾರುಗಳಿಗೆ ಸಂಬಂಧಿಸಿದ್ದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಅದರ ಕಥೆ ಬೇರೆ.

ಓಡುತ್ತಿರುವಾಗಲೇ ಬಂದ್ ಬಿದ್ದರೆ

ದುರಸ್ತಿಯ ಮಾತಿಗಿಂತ ಮೊದಲು ಇದು. ಹುಮನಾಬಾದ್ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಹಿಂದೆ ಸಿಮೆಂಟ್ ಲಾರಿ ಬರುತ್ತಿರುವಾಗ ಎಂಜಿನ್ ನಿಂತರೆ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರಗೆ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಎಂಜಿನ್ ನಿಂತ ಮೇಲೂ, ಪೆಡಲ್ ಒತ್ತಲು ಬಲ ಕೊಡುವ ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ನಿರ್ವಾತ ಉಳಿದಿರುತ್ತದೆ. ಪದೇ ಪದೇ ಬ್ರೇಕ್ ಒತ್ತಿ ಬಿಟ್ಟು ಮಾಡಿದರೆ ಅದೂ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಆದ್ದರಿಂದ ನಾಲ್ಕೂ ಇಂಡಿಕೇಟರ್ ಹಾಕಿ, ವೇಗ ಇರುವಾಗಲೇ ಎಡಕ್ಕೆ ಸರಿದು, ಒಂದೇ ಸಲ ಗಟ್ಟಿಯಾಗಿ ಒತ್ತಿ ನಿಲ್ಲಿಸಿ. ಸ್ಟೇರಿಂಗ್ ಭಾರವಾಗಬಹುದು, ಆದರೆ ತಿರುಗುತ್ತದೆ. ಆಗ ಮೀಟರಿನಲ್ಲಿ ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಹೊತ್ತಿಕೊಂಡಿದ್ದರೆ ಗಾಬರಿ ಬೇಡ. ಕೀಲಿ ಆನ್ ಇದ್ದು ಎಂಜಿನ್ ನಿಂತಿದ್ದರೆ ಅವು ಹೊತ್ತಲೇಬೇಕು.

ಸಿಗ್ನಲ್‌ನಲ್ಲಿ ನಿಂತಾಗ ಬಂದ್ ಬೀಳುವುದು ಕಿರಿಕಿರಿ. ಓಡುವಾಗ ಬಂದ್ ಬೀಳುವುದು ಅಪಾಯ. ಎರಡನೆಯದು ಒಮ್ಮೆ ಆದರೂ ಸರಿ, ಕಾರಣ ಸಿಗುವವರೆಗೆ ಆ ಕಾರನ್ನು ಹೆದ್ದಾರಿಗೆ ಒಯ್ಯಬೇಡಿ.

ಕಾಸು ಖರ್ಚಿಲ್ಲದೆ ಮೊದಲು ನೋಡಬೇಕಾದದ್ದು

ನಗಬೇಡಿ, ಮೊದಲ ಪ್ರಶ್ನೆ ಇದು: ಕಾರು ತಾನಾಗಿಯೇ ಬೇಕೆಂದು ಬಂದ್ ಆಗುತ್ತಿದೆಯೇ? ಈಚಿನ ಹಲವು ಕಾರುಗಳಲ್ಲಿ ಪೆಟ್ರೋಲ್ ಉಳಿಸಲು ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿದಾಗ ಮತ್ತೆ ಚಾಲೂ ಮಾಡುವ ವ್ಯವಸ್ಥೆ ಇದೆ. ಮೀಟರಿನಲ್ಲಿ ವೃತ್ತದೊಳಗೆ ಇಂಗ್ಲಿಷಿನ ಎ ಅಕ್ಷರದ ಗುರುತು ಬಂದರೆ ಅದೇ. ಹೊಸ ಕಾರು ತಂದ ಪಕ್ಕದ ಮನೆಯ ಕಾಕಾ ಎರಡು ದಿನ ಇದಕ್ಕಾಗಿ ಊಟ ಬಿಟ್ಟಿದ್ದರು.

ಅದಲ್ಲವಾದರೆ ಎಂಜಿನ್ ತಣ್ಣಗಿರುವಾಗ ಬಾನೆಟ್ ತೆರೆಯಿರಿ. ಬ್ಯಾಟರಿ ಟರ್ಮಿನಲ್ ಕೈಯಲ್ಲಿ ಹಿಡಿದು ತಿರುಗಿಸಿದರೆ ಅಲುಗುತ್ತದೆಯೇ, ಅದರ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದೆಯೇ ನೋಡಿ. ನಮ್ಮ ಕಡೆಯ ಬಿಸಿಲು ಬ್ಯಾಟರಿಯನ್ನು ಬೇಗ ಮುಪ್ಪಾಗಿಸುತ್ತದೆ. ಮಲ್ಟಿಮೀಟರ್ ಇದ್ದರೆ, ರಾತ್ರಿಯಿಡೀ ನಿಂತ ಬ್ಯಾಟರಿ 12.4ರಿಂದ 12.7 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಬಹುತೇಕ ಕಾರುಗಳಲ್ಲಿ 13.5ರಿಂದ 14.5ರ ನಡುವೆ ಇರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಟರ್ಮಿನಲ್ ಬಿಚ್ಚುವುದಾದರೆ ಮೊದಲು ಕಪ್ಪು, ಹಾಕುವಾಗ ಕೊನೆಗೆ ಕಪ್ಪು.

ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಶಹಾಬಾದ್ ಕಲ್ಲಿನ ಪುಡಿ, ಸೇಡಂ–ವಾಡಿ ಕಡೆಯ ಸಿಮೆಂಟ್ ಧೂಳು, ಬೇಸಿಗೆಯ ಕರಿಮಣ್ಣಿನ ದಾರಿ: ಇಲ್ಲಿ ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ, ಅದರ ಅರ್ಧಕ್ಕೇ ಫಿಲ್ಟರ್ ನೋಡಬೇಕು. ಆದರೆ ಕೊಳೆಯಾದ ಫಿಲ್ಟರ್ ಒಂದೇ ಎಂಜಿನ್ನನ್ನು ಬಂದ್ ಬೀಳಿಸುವುದು ಅಪರೂಪ. ಅದರಿಂದ ಮೊದಲು ಸಾಯುವುದು ಪಿಕಪ್. ನಿಜವಾದ ತೊಂದರೆ ಫಿಲ್ಟರ್ ಸರಿಯಾಗಿ ಕೂರದೆ ಅಂಚಿನಲ್ಲಿ ಸಂದು ಬಿಟ್ಟಾಗ. ಆ ಸಂದಿನಲ್ಲಿ ನುಗ್ಗಿದ ಧೂಳು ಮುಂದೆ ಸೆನ್ಸರ್ ಮೇಲೂ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಬಾಡಿಯಲ್ಲೂ ಹೋಗಿ ಕೂರುತ್ತದೆ. ಫಿಲ್ಟರ್ ತೆಗೆದು ಡಬ್ಬಿಯ ಆಚೆ ಬದಿಗೆ ಬೆರಳು ಆಡಿಸಿ. ಬೆರಳಿಗೆ ಮಣ್ಣು ಹತ್ತಿದರೆ ಸಂದು ಇದೆ.

ನಿಂತಾಗ ಮುಳ್ಳು ಕುಸಿಯುತ್ತದೆ, ರೇಸ್ ಕೊಟ್ಟರೆ ಸರಿಹೋಗುತ್ತದೆ

ಕಾದ ಎಂಜಿನ್, ಎಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವ ಐಡ್ಲಿಂಗ್‌ನಲ್ಲಿ ಸಾಮಾನ್ಯವಾಗಿ 700ರಿಂದ 850ರವರೆಗೆ ತಿರುಗುತ್ತದೆ. ಬೆಳಿಗ್ಗೆ ಚಾಲೂ ಮಾಡಿದ ತಕ್ಷಣ 1200 ದಾಟುವುದು, ನಿಧಾನವಾಗಿ ಇಳಿಯುವುದು ದೋಷವಲ್ಲ. ಆದರೆ ಕಾಲು ಎಕ್ಸಿಲರೇಟರ್ ಬಿಟ್ಟೊಡನೆ 500ಕ್ಕೆ ಬಿದ್ದು ಒದ್ದಾಡುತ್ತಿದ್ದರೆ, ಸ್ವಲ್ಪ ರೇಸ್ ಕೊಟ್ಟಾಗ ಏನೂ ಆಗಿಲ್ಲವೆಂಬಂತೆ ಓಡಿದರೆ, ಮೊದಲ ಅನುಮಾನ ಥ್ರಾಟಲ್ ಬಾಡಿಯ ಮೇಲೆ.

ಕಾರಣ ಸರಳ. ಕಾಲು ಬಿಟ್ಟಾಗ ಥ್ರಾಟಲಿನ ಬಿಲ್ಲೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ. ಎಂಜಿನ್ ಉಸಿರಾಡುವುದು ಬಿಲ್ಲೆಯ ಅಂಚಿನ ಕೂದಲೆಳೆಯ ಸಂದಿನಲ್ಲಿ, ಹಳೆಯ ಮಾದರಿಗಳಲ್ಲಿ ಪಕ್ಕದ ಐಡಲ್ ವಾಲ್ವಿನ ಸಣ್ಣ ದಾರಿಯಲ್ಲಿ. ಅಲ್ಲಿ ಮಸಿ ಕಟ್ಟಿದರೆ ಉಸಿರು ಕಟ್ಟುತ್ತದೆ. ರೇಸ್ ಕೊಟ್ಟಾಗ ಬಿಲ್ಲೆ ತೆರೆದುಕೊಳ್ಳುವುದರಿಂದ ಆ ಮಸಿಗೆ ಲೆಕ್ಕವಿಲ್ಲ.

ಏರ್ ಪೈಪ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಬಿಲ್ಲೆಯ ಸುತ್ತ ರೊಟ್ಟಿ ಹಂಚಿನ ತಳದಂತೆ ಕಪ್ಪು ಉಂಗುರ ಕಂಡರೆ ಸ್ವಚ್ಛ ಮಾಡುವ ಕಾಲ ಬಂದಿದೆ. ಥ್ರಾಟಲ್ ಕ್ಲೀನರ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದುಕೊಂಡು ಒರೆಸಿ. ಕೀಲಿ ಆಫ್ ಇರಲಿ. ಎಕ್ಸಿಲರೇಟರ್ ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬಿಲ್ಲೆಯನ್ನು ಬೆರಳಿನಿಂದ ಬಲವಂತವಾಗಿ ತಳ್ಳಬೇಡಿ, ಒಳಗಿನ ಹಲ್ಲಿನ ಚಕ್ರ ಹಾಳಾಗುತ್ತದೆ. ಕೀಲಿ ಆನ್ ಇದ್ದು ಅದು ತಾನಾಗಿ ಮುಚ್ಚಿಕೊಂಡರೆ ಹಾಳಾಗುವುದು ಬೆರಳು.

ಸ್ವಚ್ಛ ಮಾಡಿದ ಮೇಲೆ ಐಡ್ಲಿಂಗ್ ಹೆಚ್ಚಾಗಿ 1200ರಲ್ಲಿ ನಿಂತರೆ "ಕೆಡಿಸಿಬಿಟ್ಟೆ" ಎಂದುಕೊಳ್ಳಬೇಡಿ. ಕಂಪ್ಯೂಟರ್ ಇಷ್ಟು ದಿನ ಆ ಮಸಿಗೆ ಹೊಂದಿಕೊಂಡು ಬಿಲ್ಲೆಯನ್ನು ಹೆಚ್ಚು ತೆರೆಯುತ್ತಿತ್ತು. ಎಸಿ, ದೀಪ ಎಲ್ಲ ಆಫ್ ಮಾಡಿ ಹತ್ತು–ಹದಿನೈದು ನಿಮಿಷ ಸುಮ್ಮನೆ ಓಡಲು ಬಿಟ್ಟರೆ, ಒಂದೆರಡು ದಿನ ಓಡಿಸಿದರೆ ಹಲವು ಕಾರುಗಳು ಹೊಸ ಲೆಕ್ಕ ಕಲಿತುಕೊಳ್ಳುತ್ತವೆ. ಕೆಲವಕ್ಕೆ ಕಾರಿನ ಕಂಪ್ಯೂಟರಿನೊಡನೆ ಮಾತಾಡುವ ಸ್ಕ್ಯಾನರ್ ಹಾಕಿ ಕಲಿಸಬೇಕು.

ಎಸಿ ಹಾಕಿದರೆ ಮಾತ್ರ ನಡುಗುತ್ತದೆ

ಹೊರಗೆ 43 ಡಿಗ್ರಿ ಇರುವಾಗ ಎಸಿ ಇಲ್ಲದೆ ಕೂರುವವರು ಯಾರು? ಕಂಪ್ರೆಸರ್ ಹಿಡಿದಾಗ ಎಂಜಿನ್ ಮೇಲೆ ಭಾರ ಬೀಳುತ್ತದೆ. ಕಂಪ್ಯೂಟರ್ ಅದನ್ನು ಮೊದಲೇ ತಿಳಿದು ಗಾಳಿ ಹೆಚ್ಚಿಸಬೇಕು. ಥ್ರಾಟಲ್ ಕೊಳೆಯಾಗಿದ್ದರೆ ಹೆಚ್ಚಿಸಲು ಜಾಗವಿರುವುದಿಲ್ಲ. ಹಾಗಾಗಿ ಇದು ಹೆಚ್ಚಾಗಿ ಮೇಲಿನ ದೋಷವೇ, ಇನ್ನೂ ಎಳೆಯದಾಗಿರುವಾಗ ಕಾಣಿಸಿಕೊಂಡದ್ದು. ಆದರೆ ಎಸಿ ಹಾಕಿ ನಿಂತಾಗ ಉಷ್ಣತೆಯ ಮುಳ್ಳೂ ಏರುತ್ತಿದ್ದರೆ ಎಸಿ ಬಂದ್ ಮಾಡಿ ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯೇ ನೋಡಿ. ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕಾದಿರುವಾಗ ಕೈ ಹಚ್ಚಬೇಡಿ, ಒಳಗಿನ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಮುಳ್ಳು ಏರುತ್ತದೆ, ಇಳಿಯುತ್ತದೆ. ಎಲ್ಲೋ "ಸುಸ್" ಸದ್ದು

ನನ್ನ ಕಾರಿನ ಕಥೆ ಇಲ್ಲಿದೆ.

ಬರೆದುಕೊಂಡು ಹೋದ ಚೀಟಿಯಲ್ಲಿ ಇದ್ದದ್ದು: ಕಾದ ಮೇಲೆ ಹೆಚ್ಚು, ಬೆಳಿಗ್ಗೆ ಕಡಿಮೆ, ನಿಂತಾಗ ಮಾತ್ರ, ಓಡುವಾಗ ಇಲ್ಲ, ಎಸಿಗೆ ಸಂಬಂಧವಿಲ್ಲ, ಐಡ್ಲಿಂಗ್ ಒಮ್ಮೆ 600, ಒಮ್ಮೆ 1100. ಮಿಸ್ತ್ರಿ ಓದಿ, "ಎಲ್ಲೋ ಗಾಳಿ ಎಳೆಯುತ್ತಿದೆ" ಎಂದರು. ಸ್ಕ್ಯಾನರ್ ಹಚ್ಚಿದರು. ಐಡ್ಲಿಂಗ್‌ನಲ್ಲಿ ಫ್ಯೂಯಲ್ ಟ್ರಿಮ್ ಶೇಕಡ 19 ಹೆಚ್ಚು. 2500ಕ್ಕೆ ರೇಸ್ ಹಿಡಿದರೆ ಶೇಕಡ 4. "ನೋಡಿದಿರಾ?" ಎಂದರು. ನಾನು ನೋಡಿದ್ದೆ, ತಿಳಿದಿರಲಿಲ್ಲ.

ತಿಳಿಯಬೇಕಾದದ್ದು ಇಷ್ಟು. ಥ್ರಾಟಲ್ ದಾಟಿದ ಮೇಲೆ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಒಳಗೆ ನಿರ್ವಾತ ಇರುತ್ತದೆ. ಅಲ್ಲಿ ಯಾವುದೇ ರಬ್ಬರ್ ಪೈಪ್ ಸೀಳಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಕಂಪ್ಯೂಟರ್ ಸರಿದೂಗಿಸಲು ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಆ ಹೆಚ್ಚಳವೇ ಫ್ಯೂಯಲ್ ಟ್ರಿಮ್. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಆದ್ದರಿಂದ ಸಣ್ಣ ಸೀಳೂ ದೊಡ್ಡ ಪಾಲು. ವೇಗವಾಗಿ ತಿರುಗುವಾಗ ಅದೇ ಸೀಳು ಲೆಕ್ಕಕ್ಕಿಲ್ಲ. ಅಂದರೆ ನಿಂತಾಗ ಟ್ರಿಮ್ ಹೆಚ್ಚಿದ್ದು ರೇಸ್ ಕೊಟ್ಟಾಗ ಇಳಿದರೆ ಗಾಳಿ ಸೋರಿಕೆ. ನಿಂತಾಗ ಸರಿಯಿದ್ದು ಭಾರ ಬಿದ್ದಂತೆ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ: ಪಂಪ್ ಅಥವಾ ಫಿಲ್ಟರ್. ಪಂಪ್ ಬದಲಿಸುವ ಮೊದಲು ಈ ಎರಡು ಅಂಕಿ ಯಾರಾದರೂ ನೋಡಿದ್ದರೆ ನನ್ನ ದುಡ್ಡು ನನ್ನಲ್ಲಿರುತ್ತಿತ್ತು.

ಆಮೇಲೆ ಅವರು ಒಂದು ಗಜ ಉದ್ದದ ಪ್ಲಾಸ್ಟಿಕ್ ಪೈಪಿನ ತುದಿಯನ್ನು ಕಿವಿಗೆ ಹಚ್ಚಿಕೊಂಡು, ಇನ್ನೊಂದು ತುದಿಯನ್ನು ಎಂಜಿನ್ ಸುತ್ತ ಡಾಕ್ಟರರಂತೆ ಆಡಿಸಿದರು. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವಿನಿಂದ ಇನ್‌ಟೇಕ್‌ಗೆ ಹೋಗುವ ಹೆಬ್ಬೆರಳು ದಪ್ಪದ ಪೈಪ್ ಬಳಿ ಕೈ ನಿಂತಿತು. ಮೇಲಿನಿಂದ ಅದು ಚೆನ್ನಾಗಿಯೇ ಇತ್ತು. ಬಾಗಿದ ಜಾಗದಲ್ಲಿ, ಕೆಳಮಗ್ಗುಲಿಗೆ, ಎರಡು ಬೆರಳಿನಿಂದ ಬಗ್ಗಿಸಿದಾಗ ಮಾತ್ರ ಬಾಯಿ ಬಿಡುವ ಒಂದು ಸೀಳು. ಎಂಜಿನ್ ಕಾದಾಗ ರಬ್ಬರ್ ಮೆತ್ತಗಾಗಿ ಬಾಯಿ ತೆರೆಯುತ್ತಿತ್ತು, ಬೆಳಿಗ್ಗೆ ಮುಚ್ಚಿಕೊಂಡಿರುತ್ತಿತ್ತು. ಬೆಲೆ ಇನ್ನೂರು ರೂಪಾಯಿ ಚಿಲ್ಲರೆ.

ಮನೆಯಲ್ಲಿ ಹುಡುಕುವುದಾದರೆ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಪ್ರತಿ ಪೈಪನ್ನೂ ಬಗ್ಗಿಸಿ, ತುದಿಗಳನ್ನು ತಿರುಗಿಸಿ ನೋಡಿ. ಕೆಲವರು ಓಡುವ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಸದ್ದು ಬದಲಾಗುವುದನ್ನು ಕೇಳುತ್ತಾರೆ. ಅದು ಬೆಂಕಿ ಹತ್ತುವ ದ್ರವ, ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಇರುತ್ತದೆ. ನನ್ನ ಸಲಹೆ: ಬೇಡ.

ಇಲಿಗಳನ್ನು ಮರೆಯಬೇಡಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ಉಳಿದ ಬುತ್ತಿಯನ್ನು ಕಾರಿನಲ್ಲೇ ಇಟ್ಟು ನಾಲ್ಕು ದಿನ ಅಂಗಳದಲ್ಲಿ ನಿಲ್ಲಿಸಿದವರ ಪೈಪು, ವೈರು ಇಲಿಗಳ ಪಾಲಾಗುವುದು ಇಲ್ಲಿ ಹೊಸದೇನಲ್ಲ. ತೊಗರಿ ರಾಶಿಯ ದಿನಗಳಲ್ಲಂತೂ ಬಾನೆಟ್ ಒಳಗೆ ಹಿಕ್ಕೆ, ಹೊಟ್ಟು ಕಂಡರೆ ವೈರಿಂಗ್ ಪೂರ್ತಿ ಕಣ್ಣಾಡಿಸಿ.

ಈ ಭಾಗದಲ್ಲಿ ಒಂದೇ ಒಂದು ತುರ್ತು ಸೂಚನೆ: ಬ್ರೇಕ್ ಒತ್ತಿದಾಗ ಸುಸ್ ಎಂದು, ಐಡ್ಲಿಂಗ್ ಬದಲಾಗಿ, ಪೆಡಲ್ ಗಟ್ಟಿಯಾಗಿದ್ದರೆ ಸೋರುತ್ತಿರುವುದು ಬ್ರೇಕ್ ಬೂಸ್ಟರ್ ಅಥವಾ ಅದರ ಪೈಪ್. ಕಾರು ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಲಯ ತಪ್ಪಿದ ನಡುಕ, "ಮಿಸ್ಸಿಂಗ್"

ಮುಳ್ಳು ಅಲುಗುವುದಕ್ಕಿಂತ ಹೆಚ್ಚಾಗಿ ಸೀಟು ಅಲುಗುತ್ತದೆ, ಸೈಲೆನ್ಸರಿನಲ್ಲಿ ಪುಟ್–ಪುಟ್ ಸದ್ದಿನ ನಡುವೆ ಒಂದು ಹೆಜ್ಜೆ ತಪ್ಪುತ್ತದೆ. ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಎಣ್ಣೆ ಹಸಿಯಿದ್ದರೆ ಆಯಿಲ್ ಒಳಗೆ ಬರುತ್ತಿದೆ, ಅದು ದೊಡ್ಡ ಕೆಲಸ. ಎಂಜಿನ್ ಕಾದಿರುವಾಗ ಪ್ಲಗ್ ಬಿಚ್ಚಬೇಡಿ, ಅಲ್ಯೂಮಿನಿಯಂ ಹೆಡ್‌ನ ಪ್ಲಗ್ ಕೂರುವ ಸ್ಕ್ರೂ ಎಳೆ ಕಿತ್ತುಬರಬಹುದು.

ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಪ್ರತಿ ಸಿಲಿಂಡರಿಗೆ ಬೇರೆ ಬೇರೆ ಇರುವ ಕಾರಿನಲ್ಲಿ ಕಾಸಿಲ್ಲದ ಪರೀಕ್ಷೆ ಒಂದಿದೆ. ಸ್ಕ್ಯಾನರ್ ಪಿ0301 ಎಂದರೆ ಒಂದನೆಯ ಸಿಲಿಂಡರ್ ಮಿಸ್ ಆಗುತ್ತಿದೆ ಎಂದರ್ಥ. ಎಂಜಿನ್ ಆಫ್ ಮಾಡಿ ಒಂದರ ಕಾಯಿಲನ್ನು ಎರಡಕ್ಕೆ, ಎರಡರದನ್ನು ಒಂದಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿದ ಮೇಲೆ ಪಿ0302 ಬಂದರೆ ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಈ ಕ್ರಮದಲ್ಲಿ ನೋಡಿಸಿ. ಹಳೆಯ ಮಿಸ್ತ್ರಿಗಳು ಓಡುವ ಎಂಜಿನ್ನಿನಲ್ಲೇ ಪ್ಲಗ್ ವೈರ್ ಎಳೆದು ನೋಡುತ್ತಿದ್ದರು. ಈಗಿನ ಕಾಯಿಲ್‌ಗಳ ವೋಲ್ಟೇಜಿಗೆ ಅದನ್ನು ಮಾಡಬಾರದು, ಕೈಗೂ ಕಂಪ್ಯೂಟರಿಗೂ ಹೊಡೆತ.

ಚೆಕ್ ಎಂಜಿನ್ ದೀಪ ಸುಮ್ಮನೆ ಹೊತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಮಿನುಗುತ್ತಿದ್ದರೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಕೆಳಗೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೋಗಿ ಉರಿದು ಅದು ಕೆಂಪಗೆ ಕಾಯಬಹುದು. ಅಂಥ ಕಾರನ್ನು ಒಣಹುಲ್ಲಿನ ಮೇಲೆ, ತೊಗರಿ ಕಟ್ಟಿಗೆಯ ಬಣವೆ ಪಕ್ಕ ನಿಲ್ಲಿಸಿದರೆ ಕಾರೂ ಹೋಗುತ್ತದೆ, ಬಣವೆಯೂ ಹೋಗುತ್ತದೆ.

ಕಾದ ಮೇಲೆ ಒಮ್ಮೆಲೇ ಬಂದ್, ಅರ್ಧ ಗಂಟೆ ಬಿಟ್ಟರೆ ಮತ್ತೆ ಚಾಲೂ

"ಬಿಸಿಲಿಗೆ ಪೆಟ್ರೋಲ್ ಆವಿಯಾಗಿದೆ, ಒದ್ದೆ ಬಟ್ಟೆ ಹಾಕಿ" ಎಂಬ ಮಾತು ಕಾರ್ಬುರೇಟರ್ ಕಾಲದ್ದು. ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದಲ್ಲಿರುತ್ತದೆ, ಹಾಗೆ ಆವಿಯಾಗಿ ತಡೆಯುವುದು ವಿರಳ. ನಡುಗದೆ, ಸ್ವಿಚ್ ಆರಿಸಿದಂತೆ ಬಂದ್ ಬಿದ್ದರೆ ಇಬ್ಬರ ಮೇಲೆ ಅನುಮಾನ: ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವ ಕ್ರ್ಯಾಂಕ್ ಸೆನ್ಸರ್, ಪೆಟ್ರೋಲ್ ಪಂಪ್.

ಪರೀಕ್ಷೆ ಬಂದ್ ಬಿದ್ದ ಜಾಗದಲ್ಲೇ ಆಗಬೇಕು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಬಹಳಷ್ಟು ಕಾರುಗಳಲ್ಲಿ ಅದು 200ರ ಆಸುಪಾಸು ಅಲುಗುತ್ತದೆ. ಸೊನ್ನೆಯಲ್ಲೇ ಸತ್ತಂತಿದ್ದರೆ ಕ್ರ್ಯಾಂಕ್ ಸೆನ್ಸರ್ ಕಾದು ಕೆಲಸ ಬಿಟ್ಟಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಮುಳ್ಳು ಅಲುಗಿದರೆ, ಕೀಲಿ ಆಫ್ ಮಾಡಿ ಮತ್ತೆ ಆನ್ ಮಾಡಿ, ಹಿಂದಿನ ಸೀಟಿನ ಕೆಳಗೆ ಕಿವಿಗೊಡಿ. ಎರಡು ಸೆಕೆಂಡು "ಝುಂಯ್" ಎನ್ನಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪ್. ನೂರು–ಇನ್ನೂರು ರೂಪಾಯಿಯ ಪೆಟ್ರೋಲಿನಲ್ಲೇ ವರ್ಷಗಟ್ಟಲೆ ಓಡಿಸುವವರ ಪಂಪ್ ಬೇಗ ಹೋಗುತ್ತದೆ, ಏಕೆಂದರೆ ಅದನ್ನು ತಂಪಾಗಿಡುವುದು ಟ್ಯಾಂಕಿನಲ್ಲಿರುವ ಪೆಟ್ರೋಲೇ. ಒತ್ತಡ ಅಳೆಯುವ ಕೆಲಸ ಗ್ಯಾರೇಜಿಗೆ ಬಿಡಿ. ಒತ್ತಡವಿರುವ ಪೆಟ್ರೋಲ್ ಪೈಪನ್ನು ಮನೆಯಲ್ಲಿ ಬಿಚ್ಚುವುದು ಸಾಹಸವಲ್ಲ, ಮೂರ್ಖತನ.

ಬೆಳಿಗ್ಗೆ ಮಾತ್ರ ಒದ್ದಾಟ

ಬೀದರ್ ಕಡೆಯ ಡಿಸೆಂಬರ್ ಚಳಿಯಲ್ಲಿ ಎರಡು ಮೂರು ಸಲ ಬಂದ್ ಬಿದ್ದು, ಕಾದ ಮೇಲೆ ಸರಿಯಾಗಿ ಓಡುವ ಕಾರಿನಲ್ಲಿ ಕೂಲೆಂಟ್ ಉಷ್ಣತಾ ಸೆನ್ಸರ್ ನೋಡಿಸಿ. ರಾತ್ರಿಯಿಡೀ ನಿಂತ ಎಂಜಿನ್ನಿನ ಉಷ್ಣತೆ ಸ್ಕ್ಯಾನರಿನಲ್ಲಿ ಹೊರಗಿನ ಹವೆಯಷ್ಟೇ ಇರಬೇಕು. 15 ಡಿಗ್ರಿ ಚಳಿಯಲ್ಲಿ ಅದು 70 ಎಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಪರೀಕ್ಷೆಗಾಗಿ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತ ನಿಲ್ಲಬೇಡಿ. ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಪೆಟ್ರೋಲ್ ಹಾಕಿಸಿ ಹೊರಟ ಕೂಡಲೇ ಬಂದ್

ಟ್ಯಾಂಕ್ ತುಂಬಿಸಿದಾಗಲೆಲ್ಲ ಹೀಗಾದರೆ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ನಳಿಕೆ ತಾನಾಗಿ ಕಟ್ ಆದ ಮೇಲೂ "ರೌಂಡ್ ಮಾಡಿಬಿಡಿ" ಎಂದು ತುಂಬಿಸುವುದು ಇದಕ್ಕೆ ಒಂದು ಕಾರಣ. ಹೆಚ್ಚಾದ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಹರಿಯುತ್ತದೆ. ಒಂದೇ ಬಂಕಿನಲ್ಲಿ ಒಂದೇ ಸಲ ಆದರೆ ನೀರು ಬೆರೆತ ಪೆಟ್ರೋಲ್ ಇರಬಹುದು. ಈಗ ಸಿಗುವ ಶೇಕಡ 20 ಎಥೆನಾಲ್ ಮಿಶ್ರಿತ ಪೆಟ್ರೋಲ್ ನೀರು ಹೀರುತ್ತದೆ, ನೀರು ಮಿತಿ ಮೀರಿದರೆ ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಹಳೆಯ ಪೆಟ್ರೋಲ್ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಮಳೆನೀರು ನಿಂತ ಸೇತುವೆಯ ಕೆಳಗೆ ಬಂದ್ ಬಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ, ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಒಂದೇ ಸೆಲ್ಫಿಗೆ ಕನೆಕ್ಟಿಂಗ್ ರಾಡ್ ಬಾಗಬಹುದು.

ಗ್ಯಾರೇಜಿಗೆ ಹೋಗುವಾಗ

ಕಳೆದ ಹತ್ತು–ಹನ್ನೆರಡು ವರ್ಷದ ಬಹುತೇಕ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್ ಇದೆ. ಸಾವಿರ ರೂಪಾಯಿಯ ಆಸುಪಾಸಿನ ಬ್ಲೂಟೂತ್ ಸ್ಕ್ಯಾನರ್ ಕೊಂಡರೆ ಮೊಬೈಲಿನಲ್ಲೇ ಕೋಡ್ ಓದಬಹುದು. ಕೋಡ್ ಎಂದರೆ ಬದಲಿಸಬೇಕಾದ ಭಾಗದ ಹೆಸರಲ್ಲ. ಪಿ0171 ಎಂದರೆ ಗಾಳಿ ಹೆಚ್ಚು ಅಥವಾ ಪೆಟ್ರೋಲ್ ಕಡಿಮೆ ಎಂದಷ್ಟೇ, ಆಕ್ಸಿಜನ್ ಸೆನ್ಸರ್ ಬದಲಿಸಿ ಎಂದಲ್ಲ. ನನ್ನ ಕಾರಿಗೆ ಹೊಸ ಸೆನ್ಸರ್ ಹತ್ತಿದ್ದು ಹೀಗೆಯೇ. ಕೋಡ್ ಅಳಿಸುವ ಮೊದಲು ಫೋಟೊ ತೆಗೆದಿಡಿ. ಬ್ಯಾಟರಿ ಬಿಚ್ಚಿದರೆ ಹಲವು ಕಾರುಗಳಲ್ಲಿ ಕೋಡ್ ಅಳಿಸಿಹೋಗುತ್ತದೆ, ಮಿಸ್ತ್ರಿಗೆ ಸುಳಿವೇ ಉಳಿಯುವುದಿಲ್ಲ.

ಚೀಟಿಯಲ್ಲಿ ಬರೆಯಬೇಕಾದದ್ದು: ಚಾಲೂ ಮಾಡಿ ಎಷ್ಟು ಹೊತ್ತಿಗೆ, ನಿಂತಾಗಲೋ ಓಡುವಾಗಲೋ, ಎಸಿ ಇತ್ತೋ ಇಲ್ಲವೋ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್, ನಡುಗಿ ನಿಂತಿತೋ ಒಮ್ಮೆಲೇ ನಿಂತಿತೋ, ಎಷ್ಟು ಹೊತ್ತಿಗೆ ಮತ್ತೆ ಚಾಲೂ ಆಯಿತು. ಪೆಟ್ರೋಲ್ ವಾಸನೆ ಬಂದಿದ್ದರೆ ಅದನ್ನು ಮೊದಲ ಸಾಲಿನಲ್ಲಿ ಬರೆಯಿರಿ, ಆ ಕಾರನ್ನು ಅಲ್ಲಿಂದ ಓಡಿಸಲೂ ಬೇಡಿ. ಬದಲಿಸಿದ ಭಾಗ ಯಾವುದೇ ಇರಲಿ, ಹಳೆಯದನ್ನು ಕೇಳಿ ತೆಗೆದುಕೊಳ್ಳಿ.

ದುರಸ್ತಿಯಾದ ಮೇಲೆ ಎರಡು ಮೂರು ದಿನ ಎಂದಿನಂತೆ ಓಡಿಸಿ, ಕಾದ ಎಂಜಿನ್ನಿನಲ್ಲಿ ಫ್ಯೂಯಲ್ ಟ್ರಿಮ್ ಮತ್ತೆ ನೋಡಿ. ಸೊನ್ನೆಯ ಆಚೀಚೆ ಶೇಕಡ 5ರೊಳಗೆ ಬಂದಿದ್ದರೆ ಕೆಲಸ ಮುಗಿದಿದೆ. ನನ್ನ ಕಾರಿನಲ್ಲಿ 19 ಇದ್ದದ್ದು ಮೂರನೆಯ ದಿನ 2ಕ್ಕೆ ಬಂತು. ಅದೇ ಜಗತ್ ವೃತ್ತದ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡೇ ನಿಂತೆ. ಮುಳ್ಳು 800 ಬಿಟ್ಟು ಕದಲಲಿಲ್ಲ.